ಇನ್‌ಫ್ರಾರೆಡ್ ಮಾಪಕ: ಮೊದಲ ಹಣ ಪಲ್ಪರ್ ಗುಂಡಿಗೆ ಸಲ್ಲಲಿ

ಸಂಪಾದಕರಿಗೆ,

ಮಾನ್ಯರೇ,

ಕಾಫಿ ಕೊಯ್ಲಿನ ಹಂಗಾಮು ಹತ್ತಿರವಾಗುತ್ತಿದ್ದಂತೆ, ಜಿಲ್ಲೆಯ ಬೆಳೆಗಾರರ ಸಭೆಗಳಲ್ಲಿಯೂ ಸಹಕಾರ ಸಂಘಗಳ ಕಚೇರಿಗಳಲ್ಲಿಯೂ ಕೈಯಲ್ಲಿ ಹಿಡಿದು ಒಯ್ಯಬಹುದಾದ ಇನ್‌ಫ್ರಾರೆಡ್ ಮಾಪಕಗಳ ಪ್ರಸ್ತಾಪ ಈಗೀಗ ಹೆಚ್ಚಾಗಿ ಕೇಳಿಬರುತ್ತಿದೆ. ಹಾಲಿನ ಕೊಬ್ಬು, ಜೇನಿನ ಶುದ್ಧತೆ, ಪೆಟ್ರೋಲಿಗೆ ಬೆರೆತ ಎಥೆನಾಲ್, ಗುಂಡಿಯೊಳಗಿನ ವಿಷಾನಿಲ, ಹೀಗೆ ದ್ರವವಾಗಲಿ ಅನಿಲವಾಗಲಿ ಎಲ್ಲವನ್ನೂ ನಿಂತಲ್ಲಿಯೇ ಅಳೆದುಕೊಡುತ್ತೇವೆ ಎಂಬ ಭರವಸೆಯೊಂದಿಗೆ ಮಾರಾಟಗಾರರು ಬರುತ್ತಿದ್ದಾರೆ. ಕಾಫಿಗೆ ಒಳ್ಳೆಯ ಬೆಲೆ ಸಿಕ್ಕ ವರ್ಷಗಳಲ್ಲಿ ಯಂತ್ರ ಮಾರುವವರು ಬೇಗನೆ ಘಟ್ಟ ಹತ್ತುತ್ತಾರೆ ಎಂಬುದು ನಮಗೆ ಹೊಸದಲ್ಲ. ರಸಾಯನಶಾಸ್ತ್ರವನ್ನು ಕಲಿಸುತ್ತಿದ್ದು, ಈಗ ಸಣ್ಣದೊಂದು ತೋಟವನ್ನು ನೋಡಿಕೊಂಡಿರುವ ನನಗೆ ಈ ತಂತ್ರಜ್ಞಾನದ ಮೇಲೆ ಅನುಮಾನವಿಲ್ಲ. ನನ್ನ ಆಕ್ಷೇಪವಿರುವುದು ಅದನ್ನು ಕೊಳ್ಳಲು ಹೊರಟಿರುವ ಕ್ರಮದ ಬಗ್ಗೆ. ಸಂಘದ ಹಣ ಖರ್ಚಾಗುವುದಾದರೆ ಅದು ಮೊದಲು ಕಾಫಿ ಹಣ್ಣಿನ ಸಿಪ್ಪೆ ಸುಲಿದು ತೊಳೆದ ನೀರನ್ನು ನಿಲ್ಲಿಸುವ ಪಲ್ಪರ್ ಗುಂಡಿಗಳ ಬಳಿ ಕೆಲಸ ಮಾಡುವವರ ಜೀವ ಉಳಿಸುವ ಅನಿಲ ಮಾಪಕಕ್ಕೆ ಸಲ್ಲಬೇಕು, ಆ ಮಾಪಕವನ್ನು ಕೊಡಗಿನ ಎತ್ತರ ಮತ್ತು ಮಳೆಗೆ ತಕ್ಕಂತೆ ಇಲ್ಲಿಯೇ ತಾಳೆ ನೋಡುವ ವ್ಯವಸ್ಥೆ ಇರಬೇಕು, ಉಳಿದ ಬಹುತೇಕ ಉಪಕರಣಗಳು ಕಾಯಬಹುದು ಎಂಬುದು ನನ್ನ ಅಭಿಪ್ರಾಯ.

ಇದು ಇತ್ತೀಚಿನ ಆವಿಷ್ಕಾರವೆಂದು ಹಲವರು ಭಾವಿಸಿದ್ದಾರೆ. ಬಿಸಿಲನ್ನು ಪಟ್ಟಕದಲ್ಲಿ ಹಾಯಿಸಿ ಬಣ್ಣಗಳಾಗಿ ಬಿಡಿಸಿದಾಗ, ಕೆಂಪಿನ ಆಚೆಗೆ ಕಣ್ಣಿಗೆ ಏನೂ ಕಾಣದ ಜಾಗದಲ್ಲಿ ಇಟ್ಟ ಉಷ್ಣಮಾಪಕವೂ ಬಿಸಿಯಾಗುವುದನ್ನು ವಿಲಿಯಂ ಹರ್ಷೆಲ್ ಗಮನಿಸಿದ್ದು 1800ರಲ್ಲಿ. ಈ ಕಾಣದ ಕಿರಣಗಳನ್ನು ಬೇರೆ ಬೇರೆ ಅನಿಲಗಳು ಬೇರೆ ಬೇರೆ ಪ್ರಮಾಣದಲ್ಲಿ ಹೀರಿಕೊಳ್ಳುತ್ತವೆ ಎಂಬುದನ್ನು 1859ರಲ್ಲಿ ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಷನ್‌ನಲ್ಲಿ ಜಾನ್ ಟಿಂಡಲ್ ಅಳೆದು ತೋರಿಸಿದರು. ನೀರಾವಿ ಮತ್ತು ಇಂಗಾಲದ ಡೈಆಕ್ಸೈಡ್ ಈ ಕಿರಣಗಳನ್ನು ತಡೆಯುತ್ತವೆ, ಗಾಳಿಯ ಬಹುಪಾಲಾಗಿರುವ ಸಾರಜನಕ ಮತ್ತು ಆಮ್ಲಜನಕ ತಡೆಯುವುದಿಲ್ಲ ಎಂಬುದು ಅಂದೇ ಗೊತ್ತಾದ ಸಂಗತಿ. ಇಂದಿನ ಪುಟ್ಟ ಮಾಪಕದೊಳಗೆ ಇರುವುದೂ ಇದೇ ತತ್ತ್ವ. ಒಂದು ತುದಿಯಲ್ಲಿ ಕಿರಣ ಹೊಮ್ಮಿಸುವ ಸಣ್ಣ ದೀಪ, ನಡುವೆ ಅನಿಲ ಅಥವಾ ದ್ರವ ನಿಲ್ಲುವ ಕೋಶ, ಇನ್ನೊಂದು ತುದಿಯಲ್ಲಿ ಬೇಕಾದ ತರಂಗಾಂತರವನ್ನು ಮಾತ್ರ ಬಿಡುವ ಶೋಧಕ, ಅದರ ಹಿಂದೆ ಉಳಿದು ಬಂದ ಕಿರಣವನ್ನು ಅಳೆಯುವ ಸೆನ್ಸರ್. ಇಂಗಾಲದ ಡೈಆಕ್ಸೈಡ್ 4.26 ಮೈಕ್ರಾನಿನ (ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದ ಒಂದು ಭಾಗ) ಬಳಿ, ಮಿಥೇನ್ 3.3 ಮೈಕ್ರಾನಿನ ಬಳಿ, ಇಂಗಾಲದ ಮಾನಾಕ್ಸೈಡ್ 4.6 ಮೈಕ್ರಾನಿನ ಆಸುಪಾಸಿನಲ್ಲಿ ಕಿರಣವನ್ನು ಹೀರುತ್ತದೆ. ಎಷ್ಟು ಕಿರಣ ಕಡಿಮೆಯಾಗಿದೆ ಎಂಬುದರಿಂದ ಆ ಅನಿಲ ಎಷ್ಟಿದೆ ಎಂದು ಲೆಕ್ಕ ಹಾಕಲಾಗುತ್ತದೆ. ಇದನ್ನು ನಾವೆಲ್ಲರೂ ಹೆಸರು ತಿಳಿಯದೆಯೇ ಬಳಸುತ್ತಿದ್ದೇವೆ: ಪೆಟ್ರೋಲ್ ವಾಹನಗಳ ಹೊಗೆ ತಪಾಸಣಾ ಕೇಂದ್ರದಲ್ಲಿ ಸೈಲೆನ್ಸರ್ ಕೊಳವೆಗೆ ಸಿಕ್ಕಿಸುವ ನಳಿಕೆಯ ಇನ್ನೊಂದು ತುದಿಯಲ್ಲಿರುವುದು ಇಂಥದೇ ಯಂತ್ರ. ಕೊರೊನಾ ಕಾಲದಲ್ಲಿ ಹಣೆಗೆ ಹಿಡಿಯುತ್ತಿದ್ದ ಉಷ್ಣಮಾಪಕಕ್ಕೂ ಇನ್‌ಫ್ರಾರೆಡ್ ಎಂದೇ ಹೆಸರಿದ್ದರೂ ಅದರ ಕೆಲಸ ಬೇರೆ. ಅದು ದೇಹ ತಾನಾಗಿ ಹೊರಸೂಸುವ ಶಾಖವನ್ನು ಓದುತ್ತದೆಯೇ ಹೊರತು ಯಾವ ವಸ್ತುವಿನ ಪ್ರಮಾಣವನ್ನೂ ಅಳೆಯುವುದಿಲ್ಲ. ಮಾರಾಟಗಾರರ ಪೈಕಿ ಕೆಲವರಿಗೇ ಈ ವ್ಯತ್ಯಾಸ ತಿಳಿದಂತಿಲ್ಲ.

ಈಗ ಪಲ್ಪರ್ ಗುಂಡಿಯ ವಿಷಯಕ್ಕೆ ಬರುತ್ತೇನೆ. ಹಣ್ಣು ಕಾಫಿಯ ಸಿಪ್ಪೆ ಸುಲಿದು, ಬೀಜದ ಮೇಲಿನ ಲೋಳೆಯನ್ನು ತೊಳೆದಾಗ ಹೊರಬರುವ ನೀರಿನಲ್ಲಿ ಸಕ್ಕರೆ ಮತ್ತು ಪೆಕ್ಟಿನ್ ಅಂಶ ಹೇರಳವಾಗಿರುತ್ತದೆ. ಅದನ್ನು ಹೊಳೆಗೆ ಬಿಡುವಂತಿಲ್ಲವಾದ್ದರಿಂದ ತೊಟ್ಟಿ ಮತ್ತು ಗುಂಡಿಗಳಲ್ಲಿ ನಿಲ್ಲಿಸುತ್ತೇವೆ, ಮತ್ತು ಅದು ಸರಿಯಾದ ಕ್ರಮವೇ. ಆದರೆ ನಿಂತ ನೀರು ಬೇಗನೆ ಹುಳಿಯುತ್ತದೆ. ಮೊದಲು ಇಂಗಾಲದ ಡೈಆಕ್ಸೈಡ್ ಏಳುತ್ತದೆ, ತಳದ ಕೆಸರಿನಲ್ಲಿ ಗಾಳಿಯಿಲ್ಲದೆ ಕೊಳೆಯುವ ಭಾಗದಿಂದ ಮಿಥೇನ್ ಮತ್ತು ಜಲಜನಕದ ಸಲ್ಫೈಡ್ ಹುಟ್ಟುತ್ತವೆ. ಮಿಥೇನ್ ಗಾಳಿಗಿಂತ ಹಗುರ. ಮೇಲೆ ಮುಚ್ಚಿಗೆ ಇದ್ದರೆ ಅದರ ಕೆಳಗೆ ಸೇರಿಕೊಳ್ಳುತ್ತದೆ. ಇಂಗಾಲದ ಡೈಆಕ್ಸೈಡ್ ಗಾಳಿಗಿಂತ ಸುಮಾರು ಒಂದೂವರೆ ಪಟ್ಟು ಭಾರ. ಗಾಳಿಯಾಡದ ಗುಂಡಿಯ ತಳದಲ್ಲಿ ಕುಳಿತೇ ಇರುತ್ತದೆ. ವರ್ಷಕ್ಕೊಮ್ಮೆ ಹಂಗಾಮಿಗೆ ಮುನ್ನ ಅಥವಾ ಅದು ಮುಗಿದ ಮೇಲೆ ತಳದ ಕೆಸರನ್ನು ತೆಗೆಯಲು, ಇಲ್ಲವೇ ಸಿಕ್ಕಿಕೊಂಡ ಪಂಪಿನ ಫುಟ್‌ವಾಲ್ವ್ ಬಿಡಿಸಲು ಯಾರಾದರೂ ಇಳಿಯಲೇಬೇಕಾಗುತ್ತದೆ. ಇಳಿದವರು ಕುಸಿದುಬಿದ್ದರೆ ಅವರನ್ನು ಎತ್ತಲು ಇನ್ನೊಬ್ಬರು ಹಾರುತ್ತಾರೆ. ಹಾಳುಬಾವಿ, ಶೌಚಗುಂಡಿ, ಬಯೋಗ್ಯಾಸ್ ತೊಟ್ಟಿಗಳಲ್ಲಿ ನಡೆಯುವ ಇಂಥ ದುರಂತಗಳಲ್ಲಿ ಒಬ್ಬರಿಗಿಂತ ಹೆಚ್ಚು ಜನ ಸಾಯುವುದು ಈ ಕಾರಣಕ್ಕಾಗಿಯೇ.

ಹಿಂದಿನವರು ಗುಂಡಿಗೆ ಉರಿಯುವ ಲಾಟೀನು ಇಳಿಸಿ ನೋಡುತ್ತಿದ್ದರು. ದೀಪ ಆರಿದರೆ ಇಳಿಯಬಾರದು ಎಂಬ ಆ ಪರೀಕ್ಷೆ ಆಮ್ಲಜನಕದ ತೀವ್ರ ಕೊರತೆಯನ್ನು ತೋರಿಸುತ್ತಿತ್ತು ಎಂಬುದು ನಿಜ. ಆದರೆ ಜಲಜನಕದ ಸಲ್ಫೈಡ್ ಕೊಲ್ಲುವಷ್ಟು ಇದ್ದಾಗಲೂ ದೀಪ ಉರಿಯುತ್ತಲೇ ಇರುತ್ತದೆ. ಮಿಥೇನ್ ಗಾಳಿಯಲ್ಲಿ ಶೇ 5ರಿಂದ 15ರಷ್ಟು ಇದ್ದರಂತೂ ಅದೇ ದೀಪ ಸ್ಫೋಟಕ್ಕೆ ಕಿಡಿಯಾಗುತ್ತದೆ. ಮೂಗನ್ನು ನಂಬುವುದೂ ಆಗದು. ಜಲಜನಕದ ಸಲ್ಫೈಡಿನ ಕೊಳೆತ ಮೊಟ್ಟೆಯ ವಾಸನೆ ಅಲ್ಪ ಪ್ರಮಾಣದಲ್ಲಿಯೇ ಗೊತ್ತಾಗುತ್ತದಾದರೂ, ಸುಮಾರು 100 ಪಿಪಿಎಂ ಮುಟ್ಟುವಷ್ಟರಲ್ಲಿ, ಅಂದರೆ ಹತ್ತು ಲಕ್ಷ ಭಾಗ ಗಾಳಿಯಲ್ಲಿ 100 ಭಾಗವಾಗುವಷ್ಟರಲ್ಲಿ, ಮೂಗಿನ ಗ್ರಹಣಶಕ್ತಿ ಸೋತು ವಾಸನೆಯೇ ಇಲ್ಲವೆನಿಸುತ್ತದೆ. ಇಂಗಾಲದ ಡೈಆಕ್ಸೈಡ್‌ಗೆ ವಾಸನೆ ಮೊದಲಿನಿಂದಲೂ ಇಲ್ಲ.

ಹಾಗಾಗಿ ಮಾಪಕ ಬೇಕು. ಯಾವ ಮಾಪಕ ಎಂಬ ಪ್ರಶ್ನೆಯಲ್ಲಿಯೇ ಎಲ್ಲವೂ ಅಡಗಿದೆ. ಮಾರುಕಟ್ಟೆಯಲ್ಲಿ ಸಾಮಾನ್ಯವಾಗಿ ಸಿಗುವುದು ನಾಲ್ಕು ಅನಿಲಗಳ ಮಾಪಕ: ಆಮ್ಲಜನಕ, ಹೊತ್ತಿಕೊಳ್ಳುವ ಅನಿಲ, ಇಂಗಾಲದ ಮಾನಾಕ್ಸೈಡ್ ಮತ್ತು ಜಲಜನಕದ ಸಲ್ಫೈಡ್. ಕಾರ್ಖಾನೆ ಮತ್ತು ಒಳಚರಂಡಿ ಕೆಲಸಗಳನ್ನು ಮನಸ್ಸಿನಲ್ಲಿಟ್ಟು ರೂಪಿಸಿದ ಈ ಪಟ್ಟಿಯಲ್ಲಿ ಇಂಗಾಲದ ಡೈಆಕ್ಸೈಡ್ ಇಲ್ಲ. ಆಮ್ಲಜನಕ ಅಳೆಯುತ್ತೇವಲ್ಲ, ಬೇರೆ ಅನಿಲ ತುಂಬಿದರೆ ಆಮ್ಲಜನಕ ಕಡಿಮೆಯಾಗಿ ಗಂಟೆ ಬಾರಿಸುತ್ತದೆ ಎಂದು ಮಾರಾಟಗಾರರು ಸಮಾಧಾನ ಹೇಳುತ್ತಾರೆ. ಲೆಕ್ಕ ಹಾಕಿ ನೋಡೋಣ. ಶುದ್ಧ ಗಾಳಿಯಲ್ಲಿ ಆಮ್ಲಜನಕ ಶೇ 20.9. ಗುಂಡಿಯ ಗಾಳಿಯಲ್ಲಿ ಶೇ 5ರಷ್ಟು ಇಂಗಾಲದ ಡೈಆಕ್ಸೈಡ್ ಸೇರಿಕೊಂಡು ಅಷ್ಟೇ ಗಾಳಿಯನ್ನು ಹೊರದೂಡಿತು ಎಂದಿಟ್ಟುಕೊಂಡರೆ ಆಮ್ಲಜನಕ ಇಳಿಯುವುದು ಸುಮಾರು ಶೇ 19.9ಕ್ಕೆ ಮಾತ್ರ. ಮಾಪಕಗಳು ಎಚ್ಚರಿಕೆ ನೀಡುವುದು ಶೇ 19.5ಕ್ಕಿಂತ ಕೆಳಗೆ ಬಂದಾಗ. ಅಂದರೆ ನಾಲ್ಕು ಅನಿಲಗಳ ಮಾಪಕ ಸದ್ದಿಲ್ಲದೆ ಹಸಿರು ದೀಪ ತೋರಿಸುತ್ತಿರುತ್ತದೆ. ಇತ್ತ ಶೇ 5 ಎಂದರೆ 50,000 ಪಿಪಿಎಂ ಇಂಗಾಲದ ಡೈಆಕ್ಸೈಡ್. ಎಂಟು ಗಂಟೆಗಳ ಕೆಲಸಕ್ಕೆ ಸಾಮಾನ್ಯವಾಗಿ ಒಪ್ಪಲಾಗುವ ಮಿತಿ 5,000 ಪಿಪಿಎಂ, ಜೀವಕ್ಕೆ ತಕ್ಷಣದ ಅಪಾಯವೆಂದು ಪರಿಗಣಿಸುವ ಮಟ್ಟ 40,000 ಪಿಪಿಎಂ. ಏಣಿಯಲ್ಲಿ ಇಳಿದು ಕೆಸರು ತುಂಬುವಷ್ಟರಲ್ಲಿ ಏದುಸಿರು, ತಲೆಸುತ್ತು ಹಿಡಿಯುವ ಗಾಳಿ ಅದು. ಹುಳಿಯುವ ಕಾಫಿ ನೀರಿನ ಗುಂಡಿಯಲ್ಲಿ ಮೊದಲು ಹುಡುಕಬೇಕಾದ ಅನಿಲವನ್ನೇ ಬಿಟ್ಟ ಮಾಪಕವನ್ನು ಕಾಫಿ ಬೆಳೆಗಾರರಿಗೆ ಮಾರಲಾಗುತ್ತಿದೆ ಎಂಬುದು ಈ ಪತ್ರ ಬರೆಯಲು ನನ್ನನ್ನು ಪ್ರೇರೇಪಿಸಿದ ಮುಖ್ಯ ಕಾರಣ.

ಇಂಗಾಲದ ಡೈಆಕ್ಸೈಡನ್ನು ನೇರವಾಗಿ, ಬೇರೆ ಅನಿಲಗಳ ಗೊಂದಲವಿಲ್ಲದೆ ಅಳೆಯಲು ಇನ್‌ಫ್ರಾರೆಡ್‌ಗಿಂತ ಉತ್ತಮವಾದ, ಕೈಯಲ್ಲಿ ಹಿಡಿಯುವ ವಿಧಾನ ಸದ್ಯಕ್ಕೆ ಇಲ್ಲ. ಮಿಥೇನ್ ವಿಷಯದಲ್ಲಿಯೂ ಇದಕ್ಕೊಂದು ದೊಡ್ಡ ಅನುಕೂಲವಿದೆ. ಅಗ್ಗದ ಮಾಪಕಗಳಲ್ಲಿ ಹೊತ್ತಿಕೊಳ್ಳುವ ಅನಿಲವನ್ನು ಸಣ್ಣದೊಂದು ಬಿಸಿ ಮಣಿಯ ಮೇಲೆ ಉರಿಸಿ, ಆ ಶಾಖವನ್ನು ಅಳೆಯುತ್ತಾರೆ. ಉರಿಯಲು ಆಮ್ಲಜನಕ ಬೇಕು. ಅದು ತೀರ ಕಡಿಮೆಯಾದ ಗುಂಡಿಯಲ್ಲಿ ಮಿಥೇನ್ ತುಂಬಿದ್ದರೂ ಆ ಮಣಿ ಕಡಿಮೆ ತೋರಿಸುತ್ತದೆ. ಸಾಲದ್ದಕ್ಕೆ ಜಲಜನಕದ ಸಲ್ಫೈಡ್ ಮತ್ತು ಸಿಲಿಕೋನ್ ಆವಿಗಳಿಂದ ಆ ಮಣಿಯೇ ನಿಷ್ಕ್ರಿಯವಾಗುತ್ತ ಹೋಗುತ್ತದೆ, ಪರದೆಯ ಮೇಲೆ ಮಾತ್ರ ಸೊನ್ನೆ ನೆಮ್ಮದಿಯಾಗಿ ನಿಂತಿರುತ್ತದೆ. ಇನ್‌ಫ್ರಾರೆಡ್ ಸೆನ್ಸರ್‌ಗೆ ಏನನ್ನೂ ಉರಿಸಬೇಕಾದ ಅಗತ್ಯವಿಲ್ಲವಾದ್ದರಿಂದ ಈ ಎರಡೂ ತೊಂದರೆಗಳಿಲ್ಲ. ಆದರೆ ಇನ್‌ಫ್ರಾರೆಡ್ ಒಂದೇ ಸಾಕು ಎನ್ನುವುದೂ ಅಷ್ಟೇ ಅಪಾಯದ ಮಾತು. ಆಮ್ಲಜನಕ ಈ ಕಿರಣಕ್ಕೆ ಸಿಗುವುದೇ ಇಲ್ಲ, ಜಲಜನಕದ ಸಲ್ಫೈಡ್ ತೀರ ದುರ್ಬಲವಾಗಿ ಸಿಗುತ್ತದೆ. ಅವೆರಡನ್ನೂ, ಅನಿಲ ತಾಗಿದಾಗ ಸಣ್ಣ ವಿದ್ಯುತ್ ಹುಟ್ಟಿಸುವ ವಿದ್ಯುತ್ ರಾಸಾಯನಿಕ ಕೋಶಗಳಿಂದಲೇ ಅಳೆಯಬೇಕು. ಆದ್ದರಿಂದ ಕೊಳ್ಳಬೇಕಾದದ್ದು ಆಮ್ಲಜನಕ ಮತ್ತು ಸಲ್ಫೈಡ್‌ಗೆ ಕೋಶಗಳು, ಇಂಗಾಲದ ಡೈಆಕ್ಸೈಡ್ ಮತ್ತು ಮಿಥೇನ್‌ಗೆ ಇನ್‌ಫ್ರಾರೆಡ್ ಸೆನ್ಸರ್‌ಗಳು ಒಂದೇ ಪೆಟ್ಟಿಗೆಯಲ್ಲಿರುವ, ಪಂಪು ಮತ್ತು ಉದ್ದನೆಯ ಕೊಳವೆ ಜೋಡಿಸಿದ ಮಾಪಕ. ಪಂಪು ಮತ್ತು ಕೊಳವೆ ಇಲ್ಲದಿದ್ದರೆ ಅಳೆಯುವವರೇ ಗುಂಡಿಗೆ ಬಾಗಬೇಕಾಗುತ್ತದೆ. ಕೊಳವೆಯನ್ನು ಮೇಲೆ, ನಡುವೆ, ತಳದಲ್ಲಿ ಹೀಗೆ ಮೂರು ಆಳಗಳಲ್ಲಿ ಇಳಿಸಿ, ಗಾಳಿ ಕೊಳವೆಯ ಉದ್ದಕ್ಕೂ ಹರಿದು ಬರುವವರೆಗೆ ಪ್ರತಿ ಬಾರಿಯೂ ಕಾದು ಓದಬೇಕು. ಒಳಗೆ ಕೆಲಸ ನಡೆಯುವಾಗಲೂ ಮಾಪಕ ಚಾಲೂ ಇರಬೇಕು, ಏಕೆಂದರೆ ಕೆಸರನ್ನು ಕಲಕಿದಾಗ ಅದರೊಳಗೆ ಸಿಕ್ಕಿದ್ದ ಅನಿಲ ಒಮ್ಮೆಲೇ ಹೊರಬರುತ್ತದೆ.

ಶೌಚಗುಂಡಿ ಮತ್ತು ಒಳಚರಂಡಿಗಳ ಅಪಾಯಕಾರಿ ಶುಚಿಗೊಳಿಸುವಿಕೆಗೆ ಸಂಬಂಧಿಸಿದ 2013ರ ಕಾಯ್ದೆಯ ನಿಯಮಗಳಲ್ಲಿ ಒದಗಿಸಲೇಬೇಕಾದ ರಕ್ಷಣಾ ಸಾಧನಗಳ ಪೈಕಿ ಅನಿಲ ಮಾಪಕವೂ ಸೇರಿದೆ. ಪಲ್ಪರ್ ಗುಂಡಿ ಶೌಚಗುಂಡಿಯಲ್ಲ ಎಂದು ವಾದಿಸಬಹುದು. ಅಲ್ಲಿ ಇಳಿಯುವ ಮನುಷ್ಯನ ಶ್ವಾಸಕೋಶಕ್ಕೆ ಆ ವ್ಯತ್ಯಾಸ ತಿಳಿಯುವುದಿಲ್ಲ. ಇನ್ನೂ ಒಂದು ಸಂಗತಿಯನ್ನು ಮಾಲೀಕರು ಗಮನಿಸಬೇಕು. ಇಂದು ನಮ್ಮ ಲೈನ್‌ಮನೆಗಳಲ್ಲಿ ಇರುವವರಲ್ಲಿ ಅಸ್ಸಾಂ, ಪಶ್ಚಿಮ ಬಂಗಾಳ, ಜಾರ್ಖಂಡ್ ಕಡೆಯಿಂದ ಬಂದ ಕಾರ್ಮಿಕರು ಬಹಳ ಮಂದಿ. ಇಂಗ್ಲಿಷಿನಲ್ಲಿ ಅಕ್ಷರ ತೋರಿಸುವ ಪರದೆಯಿಂದ ಅವರಿಗೆ ಪ್ರಯೋಜನವಿಲ್ಲ. ಸದ್ದು, ಬೆಳಕು ಮತ್ತು ಕಂಪನ ಮೂರರಿಂದಲೂ ಎಚ್ಚರಿಸುವ ಮಾಪಕವೇ ಬೇಕು, ಮತ್ತು ತೋಟದ ಲೆಕ್ಕಪತ್ರ ನೋಡುವ ರೈಟರು ಅಥವಾ ಮೇಸ್ತ್ರಿ ಅದರ ಅರ್ಥವನ್ನು ಅವರಿಗೆ ತಿಳಿಯುವ ಭಾಷೆಯಲ್ಲಿ ಕೆಲಸ ಶುರುವಾಗುವ ಮೊದಲೇ ಹೇಳಿರಬೇಕು.

ಗುಂಡಿಯ ಮಾಪಕದ ಬಗ್ಗೆ ಇಷ್ಟು ಹೇಳಿದ ಮೇಲೆ, ಮನೆಯೊಳಗಿನ ಇನ್ನೊಂದು ಅನಿಲದ ವಿಷಯವನ್ನು ಬಿಡುವಂತಿಲ್ಲ. ಮಳೆಗಾಲದಲ್ಲಿ ಮತ್ತು ಡಿಸೆಂಬರ್ ಚಳಿಯಲ್ಲಿ ಕಿಟಕಿ ಮುಚ್ಚಿದ ಕೋಣೆಯಲ್ಲಿ ಇದ್ದಿಲಿನ ಕೆಂಡ ಇಟ್ಟುಕೊಂಡು ಮಲಗುವುದು, ಹೋಂಸ್ಟೇಗಳ ಗಾಳಿಯಾಡದ ಸ್ನಾನಗೃಹಗಳಲ್ಲಿ ಗ್ಯಾಸ್ ಗೀಸರ್ ಅಳವಡಿಸುವುದು ಇವೆರಡೂ ಇಂಗಾಲದ ಮಾನಾಕ್ಸೈಡ್‌ನಿಂದ ಜೀವಕ್ಕೆ ಎರವಾಗಬಲ್ಲವು. ಇದಕ್ಕೂ ಇನ್‌ಫ್ರಾರೆಡ್ ಮಾಪಕವನ್ನೇ ಕೊಳ್ಳಿ, ಹೊಗೆ ತಪಾಸಣೆಯ ಯಂತ್ರದಲ್ಲಿ ಇರುವುದು ಅದೇ ತಾನೆ ಎಂದು ಹೇಳುವವರಿದ್ದಾರೆ. ಹೊಗೆ ತಪಾಸಣೆಯಲ್ಲಿ ಬಿಎಸ್-4 ಹೊಗೆ ಮಾನದಂಡದ ಪೆಟ್ರೋಲ್ ಕಾರಿಗೆ ಇಂಗಾಲದ ಮಾನಾಕ್ಸೈಡ್‌ನ ಮಿತಿ ಶೇ 0.3, ಅಂದರೆ 3,000 ಪಿಪಿಎಂ. ಆ ಯಂತ್ರ ಅಳೆಯುವ ಅಳತೆಯ ಹರವು ಅಂಥದ್ದು. ಮಲಗುವ ಕೋಣೆಯಲ್ಲಿ 1,200 ಪಿಪಿಎಂ ಮುಟ್ಟಿದರೇ ಜೀವಕ್ಕೆ ತಕ್ಷಣದ ಅಪಾಯ. ಎಚ್ಚರಿಕೆ ಸಿಗಬೇಕಾದದ್ದು ಅದಕ್ಕೂ ಬಹಳ ಮೊದಲು. ಅಷ್ಟು ಸೂಕ್ಷ್ಮವಾಗಿ ಅಳೆಯಬಲ್ಲ, ಗೋಡೆಗೆ ತೂಗುಹಾಕುವ, ವಿದ್ಯುತ್ ರಾಸಾಯನಿಕ ಕೋಶದ ಅಲಾರಂಗಳು ಇನ್‌ಫ್ರಾರೆಡ್ ಮಾಪಕಕ್ಕಿಂತ ಎಷ್ಟೋ ಅಗ್ಗ, ಮತ್ತು ಈ ಕೆಲಸಕ್ಕೆ ಅವೇ ಸರಿ. ಹೋಂಸ್ಟೇ ನೋಂದಣಿಯ ಷರತ್ತುಗಳಲ್ಲಿ ಇದನ್ನು ಸೇರಿಸುವುದು ಜಿಲ್ಲಾಡಳಿತಕ್ಕೆ ಕಷ್ಟದ ಕೆಲಸವಾಗಲಾರದು.

ದ್ರವಗಳ ವಿಷಯದಲ್ಲಿ ಮಾರಾಟಗಾರರ ಮಾತಿಗೂ ಭೌತಿಕ ಸತ್ಯಕ್ಕೂ ನಡುವಿನ ಅಂತರ ಇನ್ನೂ ಹೆಚ್ಚು. ನೀರು ಇನ್‌ಫ್ರಾರೆಡ್ ಕಿರಣವನ್ನು ಬಹಳ ಬಲವಾಗಿ ಹೀರುತ್ತದೆ. ಹಾಗಾಗಿ ನೀರಿರುವ ದ್ರವವನ್ನು ಅಳೆಯಲು ಕೂದಲೆಳೆಗಿಂತ ತೆಳುವಾದ ಪದರವೇ ಬೇಕು, ಇಲ್ಲವೇ ಕಿರಣವು ದ್ರವದೊಳಗೆ ಕೆಲವೇ ಮೈಕ್ರಾನ್ ಮಾತ್ರ ಇಣುಕುವಂತೆ ಸತುವಿನ ಸೆಲೆನೈಡ್ ಅಥವಾ ವಜ್ರದ ಹರಳಿನ ಮೇಲೆ ಹನಿ ಹಾಕಿ ಓದಬೇಕು. ಇದು ಸಾಧ್ಯ, ಆದರೆ ಹರಳಿನ ಮೇಲೆ ಹಿಂದಿನ ಹನಿಯ ಪಸೆ ಉಳಿದಿದ್ದರೂ ಸಾಕು, ಮುಂದಿನ ಓದು ಕೆಟ್ಟುಹೋಗುತ್ತದೆ.

ಹಾಲಿನಲ್ಲಿ ಕೊಬ್ಬು 5.7 ಮೈಕ್ರಾನಿನಲ್ಲಿ, ಪ್ರೋಟೀನ್ 6.5ರಲ್ಲಿ, ಲ್ಯಾಕ್ಟೋಸ್ 9.6ರಲ್ಲಿ ಕಿರಣ ಹೀರುತ್ತವೆ. ಈ ಮೂರನ್ನೂ ಒಟ್ಟಿಗೆ ಅಳೆಯುವ ಇನ್‌ಫ್ರಾರೆಡ್ ಯಂತ್ರಗಳು ದೊಡ್ಡ ಡೈರಿಗಳಲ್ಲಿ ದಶಕಗಳಿಂದ ಇವೆ. ನೀರು ಬೆರೆಸಿ, ಲ್ಯಾಕ್ಟೋಮೀಟರ್ ಮುಳುಗದಿರಲೆಂದು ಸಕ್ಕರೆ ಹಾಕುವವರ ಆಟ ಅವುಗಳ ಮುಂದೆ ನಡೆಯುವುದಿಲ್ಲ. ಆದರೆ ಹಾಲನ್ನು ಏಕರೂಪಗೊಳಿಸಿ, ನಿಗದಿತ ಉಷ್ಣತೆಗೆ ತಂದು ಅಳೆಯಬೇಕಾದ ಆ ಕೆಲಸ ಹಳ್ಳಿಯ ಸಂಘದ ಬೆಳಗಿನ ಗಡಿಬಿಡಿಗೆ ಒಗ್ಗುವುದಿಲ್ಲ. ಅಲ್ಲಿ ಈಗಾಗಲೇ ಇರುವ ಪುಟ್ಟ ಯಂತ್ರಗಳಲ್ಲಿ ಹೆಚ್ಚಿನವು ಅಲ್ಟ್ರಾಸಾನಿಕ್ ವಿಧಾನದವು. ಸರಿಯಾಗಿ ತೊಳೆದು ತಾಳೆ ನೋಡಿದರೆ ಸದ್ಯಕ್ಕೆ ಅವು ಸಾಕು. ಕೊಡಗಿನ ಹಾಲು ಹಾಸನ ಒಕ್ಕೂಟದ ವ್ಯಾಪ್ತಿಗೆ ಸೇರುವುದರಿಂದ ದೊಡ್ಡ ಯಂತ್ರದ ಜವಾಬ್ದಾರಿ ಒಕ್ಕೂಟದ್ದು.

ಜೇನಿನ ಬಗ್ಗೆ ನಮ್ಮವರಿಗೆ ಸಹಜವಾಗಿಯೇ ಅಭಿಮಾನ ಹೆಚ್ಚು, ಕೂರ್ಗ್ ಜೇನು ಎಂದು ಬರೆದ ಬಾಟಲಿಗಳಲ್ಲಿ ಎಷ್ಟು ಕೊಡಗಿನದ್ದು ಎಂಬ ಸಂಶಯವೂ ಹೆಚ್ಚು. ಈ ಸಂಶಯವನ್ನೇ ಬಂಡವಾಳ ಮಾಡಿಕೊಂಡು, ಜೇನಿನ ಶುದ್ಧತೆಯನ್ನು ಶೇಕಡಾವಾರು ಹೇಳುವ ಕೈಮಾಪಕಗಳೆಂದು ಕೆಲವನ್ನು ತೋರಿಸಲಾಗುತ್ತಿದೆ. ಜೇನಿನಲ್ಲಿ ತೇವಾಂಶ ಶೇ 20 ಮೀರಬಾರದು ಎಂಬುದು ಆಹಾರ ಸುರಕ್ಷತಾ ಪ್ರಾಧಿಕಾರದ ನಿಯಮ. ತೇವಾಂಶವನ್ನು ಇನ್‌ಫ್ರಾರೆಡ್‌ನಿಂದ ಅಳೆಯಬಹುದಾದರೂ, ಒಂದು ಹನಿಯನ್ನು ಗಾಜಿನ ಮೇಲೆ ಹಚ್ಚಿ ಬೆಳಕಿಗೆ ಹಿಡಿದು ನೋಡುವ ವಕ್ರೀಭವನ ಮಾಪಕ ಅದನ್ನೇ ಅತಿ ಕಡಿಮೆ ಖರ್ಚಿನಲ್ಲಿ ಹೇಳುತ್ತದೆ. ಇನ್ನು ಕಲಬೆರಕೆಯ ವಿಷಯ. ಕಬ್ಬು ಅಥವಾ ಜೋಳದ ಸಕ್ಕರೆಯನ್ನು ಹಿಡಿಯಲು ಇಂಗಾಲದ ಐಸೊಟೋಪ್ ಪರೀಕ್ಷೆ ಬೇಕು, ಅದನ್ನೂ ವಂಚಿಸುವ ಅಕ್ಕಿಯ ಪಾಕವನ್ನು ಹಿಡಿಯಲು ಅಣುಗಳ ರಚನೆಯನ್ನು ಕಾಂತಕ್ಷೇತ್ರದಲ್ಲಿ ಓದುವ ಎನ್‌ಎಂಆರ್‌ನಂತಹ ಪರೀಕ್ಷೆಗಳು ಬೇಕು. ಇವು ದೊಡ್ಡ ಪ್ರಯೋಗಾಲಯಗಳ ಕೆಲಸ. ಜೇನೂ ಸಕ್ಕರೆಗಳ ಮಿಶ್ರಣ, ಪಾಕವೂ ಸಕ್ಕರೆಗಳ ಮಿಶ್ರಣ. ಕೆಲವೇ ತರಂಗಾಂತರಗಳನ್ನು ನೋಡುವ ಕೈಮಾಪಕ ಇವೆರಡನ್ನು ಖಚಿತವಾಗಿ ಬೇರ್ಪಡಿಸುತ್ತದೆ ಎಂದು ಯಾರಾದರೂ ಹೇಳಿದರೆ, ಯಾವ ಜೇನಿನ ಮಾದರಿಗಳ ಮೇಲೆ ಅದನ್ನು ಪರೀಕ್ಷಿಸಲಾಗಿದೆ ಎಂದು ಕೇಳಬೇಕು. ಕಾಫಿ ಹೂವಿನ ಜೇನು, ಕಾಡಿನ ಹೆಜ್ಜೇನು, ತುಡುವೆಯ ಪೆಟ್ಟಿಗೆ ಜೇನು ಇವುಗಳ ಸ್ವಭಾವವೇ ಬೇರೆ ಬೇರೆ.

ಪೆಟ್ರೋಲಿನ ಮಾತು ಹೆಚ್ಚು ಜನರನ್ನು ತಟ್ಟುವಂಥದು. ಈಗ ಬಂಕುಗಳಲ್ಲಿ ಸಿಗುವುದು ಶೇ 20ರವರೆಗೆ ಎಥೆನಾಲ್ ಬೆರೆತ ಪೆಟ್ರೋಲ್. ಎಥೆನಾಲ್ ಗಾಳಿಯ ತೇವವನ್ನು ಎಳೆದುಕೊಳ್ಳುತ್ತದೆ. ಟ್ಯಾಂಕಿಗೆ ಮಳೆನೀರೋ ತೇವವೋ ಒಂದು ಮಿತಿ ಮೀರಿ ಸೇರಿದರೆ ಎಥೆನಾಲ್ ಮತ್ತು ನೀರು ಒಟ್ಟಾಗಿ ಪೆಟ್ರೋಲಿನಿಂದ ಬೇರ್ಪಟ್ಟು ತಳಕ್ಕೆ ಇಳಿಯುತ್ತವೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕ್ಯಾನಿನಲ್ಲಿ ಇಟ್ಟ ಪೆಟ್ರೋಲಿನಿಂದ ಕಳೆ ಕೊಚ್ಚುವ ಯಂತ್ರ, ಮದ್ದು ಹೊಡೆಯುವ ಯಂತ್ರಗಳು ಕೈಕೊಡುವುದಕ್ಕೆ ಇದೂ ಒಂದು ಕಾರಣ. ಎಥೆನಾಲ್ 9.5 ಮೈಕ್ರಾನಿನ ಬಳಿ ಕಿರಣವನ್ನು ಚೆನ್ನಾಗಿ ಹೀರುತ್ತದೆ, ಪೆಟ್ರೋಲಿನ ಹೈಡ್ರೋಕಾರ್ಬನ್‌ಗಳು ಅಲ್ಲಿ ಅಷ್ಟಾಗಿ ಹೀರುವುದಿಲ್ಲ. ಆದ್ದರಿಂದ ಎಥೆನಾಲ್ ಪ್ರಮಾಣವನ್ನು ಅಳೆಯಲು ಕೈಯಲ್ಲಿ ಹಿಡಿಯುವ ಇನ್‌ಫ್ರಾರೆಡ್ ಮಾಪಕ ನಿಜಕ್ಕೂ ತಕ್ಕ ಉಪಕರಣ. ಹಾಗಿದ್ದರೂ ಬೆಳೆಗಾರರಿಗೆ ಅದರ ಅಗತ್ಯವಿಲ್ಲ ಎಂದೇ ನಾನು ಹೇಳುತ್ತೇನೆ. ಗೆರೆ ಹಾಕಿದ ಗಾಜಿನ ಜಾಡಿಯಲ್ಲಿ ಅಳತೆಯ ಪೆಟ್ರೋಲಿಗೆ ಅಳತೆಯ ನೀರು ಸೇರಿಸಿ ಕುಲುಕಿ ನಿಲ್ಲಿಸಿದರೆ, ಎಥೆನಾಲ್ ನೀರಿಗೆ ಸೇರಿ ತಳದ ಪದರ ಎಷ್ಟು ಏರಿತೋ ಅದರಿಂದ ಪ್ರಮಾಣದ ಅಂದಾಜು ಸಿಗುತ್ತದೆ. ಬೆಂಕಿಯಿಂದ ದೂರವಿದ್ದು ಮಾಡಬೇಕು ಎಂಬುದಷ್ಟೇ ಎಚ್ಚರಿಕೆ. ಡೀಸೆಲಿಗೆ ಸೀಮೆಎಣ್ಣೆ ಬೆರೆಸಿದ್ದನ್ನು ಹಿಡಿಯುತ್ತೇವೆ ಎನ್ನುವ ಸರಳ ಮಾಪಕಗಳನ್ನಂತೂ ನಂಬಲಾಗದು. ಎರಡೂ ಒಂದೇ ಬಗೆಯ ಹೈಡ್ರೋಕಾರ್ಬನ್‌ಗಳಾದ್ದರಿಂದ ಒಂದೆರಡು ಶೋಧಕಗಳ ಯಂತ್ರಕ್ಕೆ ಅವು ಒಂದೇ ಆಗಿ ಕಾಣುತ್ತವೆ.

ದ್ರವಗಳ ಪೈಕಿ ಜಿಲ್ಲೆಗೆ ನಿಜವಾಗಿ ಬೇಕಾದದ್ದು ಒಂದಿದೆ, ಅದನ್ನು ಯಾರೂ ಮಾರಲು ಬರುತ್ತಿಲ್ಲ. ಅದು ನೀರಿನಲ್ಲಿ ಬೆರೆತ ಎಣ್ಣೆಯನ್ನು ಅಳೆಯುವ ಮಾಪಕ. ವಾಹನ ತೊಳೆಯುವ ಜಾಗಗಳ, ಗ್ಯಾರೇಜುಗಳ ನೀರು ಕೊನೆಗೆ ಸೇರುವುದು ಕಾವೇರಿಗೋ ಹಾರಂಗಿಗೋ ಲಕ್ಷ್ಮಣತೀರ್ಥಕ್ಕೋ. ಹೊಳೆಗೆ ಬಿಡುವ ತ್ಯಾಜ್ಯ ನೀರಿನಲ್ಲಿ ಎಣ್ಣೆ ಮತ್ತು ಜಿಡ್ಡು ಲೀಟರಿಗೆ 10 ಮಿಲಿಗ್ರಾಂ ಮೀರಬಾರದು ಎಂಬುದು ಪರಿಸರ ಸಂರಕ್ಷಣಾ ನಿಯಮಗಳ ಸಾಮಾನ್ಯ ಮಿತಿ. ನೀರಿನ ಮಾದರಿಯಿಂದ ದ್ರಾವಕವೊಂದರಲ್ಲಿ ಎಣ್ಣೆಯನ್ನು ಸೆಳೆದು, 3.4 ಮೈಕ್ರಾನಿನಲ್ಲಿ ಅದು ಹೀರುವ ಕಿರಣವನ್ನು ಓದುವುದು ಹಳೆಯ, ಚೆನ್ನಾಗಿ ಪಳಗಿದ ವಿಧಾನ. ಹಿಂದೆ ಇದಕ್ಕೆ ಬಳಸುತ್ತಿದ್ದ ಫ್ರಿಯಾನ್ ದ್ರಾವಕವು ಓಜೋನ್ ಪದರಕ್ಕೆ ಮಾರಕವೆಂದು 1987ರ ಮಾಂಟ್ರಿಯಲ್ ಒಪ್ಪಂದದ ನಂತರ ಮೂಲೆಗೆ ಸರಿಯಿತು; ಈಗ ಬೇರೆ ದ್ರಾವಕಗಳನ್ನು, ಆವಿಯಾಗಿಸಿ ಉಳಿದ ಎಣ್ಣೆಯನ್ನು ಹರಳಿನ ಮೇಲೆ ಓದುವ ಕ್ರಮವನ್ನು ಬಳಸುತ್ತಾರೆ. ಬ್ಯಾಟರಿಯಿಂದ ನಡೆಯುವ ಇಂಥ ಒಂದು ಪೆಟ್ಟಿಗೆ ಜಿಲ್ಲೆಯಲ್ಲಿದ್ದರೆ, ದೂರು ಬಂದ ದಿನವೇ ಹೊಳೆಯ ದಡದಲ್ಲಿ ಅಂದಾಜು ಸಿಗುತ್ತದೆ, ಆಮೇಲೆ ಪ್ರಯೋಗಾಲಯಕ್ಕೆ ಮಾದರಿ ಕಳುಹಿಸಬಹುದು. ಆದರೆ ಪಲ್ಪರ್ ನೀರಿನ ಬಿಒಡಿಯನ್ನೂ (ಜೈವಿಕ ಆಮ್ಲಜನಕ ಬೇಡಿಕೆ) ಇನ್‌ಫ್ರಾರೆಡ್‌ನಿಂದ ಹೇಳುತ್ತೇವೆ ಎಂಬ ಮಾತಿಗೆ ಯಾರೂ ಮರುಳಾಗಬೇಡಿ. ನೀರಿನ ಸೂಕ್ಷ್ಮಜೀವಿಗಳು 27 ಡಿಗ್ರಿಯಲ್ಲಿ 3 ದಿನಗಳ ಕಾಲ ಎಷ್ಟು ಆಮ್ಲಜನಕ ಬಳಸುತ್ತವೆ ಎಂಬುದನ್ನು ಕಾದು ನೋಡುವ ಪರೀಕ್ಷೆ ಅದು. ಅದನ್ನು ಕಿರಣವೊಂದು ಕ್ಷಣದಲ್ಲಿ ಹೇಳಲಾರದು.

ಎಲ್ಲಕ್ಕಿಂತ ಹೆಚ್ಚಾಗಿ ಕೊಡಗಿಗೆ ಸಂಬಂಧಿಸಿದ ಸಂಗತಿ ಎತ್ತರ. ಅನಿಲದ ಇನ್‌ಫ್ರಾರೆಡ್ ಮಾಪಕ ಎಣಿಸುವುದು ತನ್ನ ಕೋಶದೊಳಗೆ ಇರುವ ಅಣುಗಳನ್ನು, ಶೇಕಡಾವಾರನ್ನಲ್ಲ. ಸಮುದ್ರಮಟ್ಟದಿಂದ ಸುಮಾರು 1,150 ಮೀಟರ್ ಎತ್ತರದಲ್ಲಿರುವ ಮಡಿಕೇರಿಯಲ್ಲಿ ಗಾಳಿಯ ಒತ್ತಡವೇ ಸಮುದ್ರಮಟ್ಟಕ್ಕಿಂತ ಸರಿಸುಮಾರು ಎಂಟನೇ ಒಂದು ಭಾಗದಷ್ಟು ಕಡಿಮೆ. ಸಮುದ್ರಮಟ್ಟಕ್ಕೆ ಹೊಂದಿಸಿದ ಮಾಪಕವನ್ನು ಒತ್ತಡದ ತಿದ್ದುಪಡಿಯಿಲ್ಲದೆ ಇಲ್ಲಿ ಬಳಸಿದರೆ, 5,000 ಪಿಪಿಎಂ ಇದ್ದಲ್ಲಿ ಅದು ಸುಮಾರು 4,400 ಎಂದು ತೋರಿಸುತ್ತದೆ. ತಪ್ಪು ಆಗುವುದು ಅಪಾಯವನ್ನು ಕಡಿಮೆ ಎಂದು ತೋರಿಸುವ ದಿಕ್ಕಿನಲ್ಲಿಯೇ ಎಂಬುದನ್ನು ಗಮನಿಸಬೇಕು. ಸಂಪಾಜೆ ಅಥವಾ ಮಾಕುಟ್ಟದಂತಹ ಘಟ್ಟದ ತಪ್ಪಲಿನಲ್ಲಿ ಸರಿಯಾಗಿರುವ ಮಾಪಕ ಗಾಳಿಬೀಡಿನಲ್ಲಿ ಸರಿಯಾಗಿರಬೇಕಿಲ್ಲ. ಒಳ್ಳೆಯ ಮಾಪಕಗಳಲ್ಲಿ ಒತ್ತಡದ ಸೆನ್ಸರ್ ಒಳಗೇ ಇದ್ದು ತಾನಾಗಿ ತಿದ್ದಿಕೊಳ್ಳುತ್ತದೆ. ಅಗ್ಗದವುಗಳಲ್ಲಿ ಅದು ಇರುವುದಿಲ್ಲ, ಮತ್ತು ಅದರ ಬಗ್ಗೆ ಕೇಳಿದರೆ ಮಾರಾಟಗಾರರು ಕೈಪಿಡಿ ತಿರುವಿಹಾಕತೊಡಗುತ್ತಾರೆ.

ಮಳೆಯದೂ ಇದೇ ಕಥೆ. ಕೋಶದ ಕಿಟಕಿಯ ಮೇಲೆ, ಒಳಗಿನ ಕನ್ನಡಿಯ ಮೇಲೆ ನೀರಿನ ಪಸೆ ಕುಳಿತರೆ ಅದೇ ಕಿರಣವನ್ನು ತಡೆಯುತ್ತದೆ. ಚಳಿಯ ಕೋಣೆಯಲ್ಲಿದ್ದ ಮಾಪಕವನ್ನು ಹುಳಿಯುವ ಗುಂಡಿಯ ಬೆಚ್ಚನೆಯ, ತೇವದ ಗಾಳಿಗೆ ಒಡ್ಡಿದಾಗ ಆಗುವುದು ಇದೇ. ಬಿಸಿಮಾಡಿದ ಕೋಶ, ನೀರು ತಡೆಯುವ ಶೋಧಕ, ಕೊಳವೆಯಲ್ಲಿ ನೀರು ಹಿಡಿಯುವ ಬಟ್ಟಲು ಇವು ಇಲ್ಲದ ಯಂತ್ರ ನಮ್ಮ ಮಳೆಗಾಲಕ್ಕೆ ಆಗದು. ಇನ್ನೊಂದು ಮೋಸವೂ ಉಂಟು. ಒಳಾಂಗಣದ ಅನೇಕ ಇಂಗಾಲದ ಡೈಆಕ್ಸೈಡ್ ಮಾಪಕಗಳು ಕೆಲವು ದಿನಗಳಲ್ಲಿ ಕಂಡ ಅತಿ ಕಡಿಮೆ ಓದನ್ನೇ ಹೊರಗಿನ ಶುದ್ಧ ಗಾಳಿ, ಅಂದರೆ 400 ಪಿಪಿಎಂ, ಎಂದು ಭಾವಿಸಿ ತಮ್ಮನ್ನು ತಾವೇ ತಿದ್ದಿಕೊಳ್ಳುತ್ತವೆ. ಗುಂಡಿಯ ಪಕ್ಕದ ಮುಚ್ಚಿದ ಪಲ್ಪರ್ ಮನೆಯಲ್ಲಿಯೇ ಸದಾ ಚಾಲೂ ಇಟ್ಟರೆ ಅವು ಕೆಟ್ಟ ಗಾಳಿಯನ್ನೇ ಒಳ್ಳೆಯದೆಂದು ಕಲಿತುಬಿಡುತ್ತವೆ. ಕೆಲಸದ ಸುರಕ್ಷತೆಗೆ ಬಳಸುವ ಮಾಪಕದಲ್ಲಿ ಈ ಸೌಲಭ್ಯವನ್ನು ಕಡ್ಡಾಯವಾಗಿ ನಿಲ್ಲಿಸಿಟ್ಟಿರಬೇಕು.

ಈ ಎಲ್ಲ ಕಾರಣಗಳಿಂದ, ಪ್ರತಿ ತೋಟಕ್ಕೊಂದು ಅಗ್ಗದ ಮಾಪಕ ಕೊಳ್ಳುವುದಕ್ಕಿಂತ ಮಡಿಕೇರಿ, ವಿರಾಜಪೇಟೆ, ಸೋಮವಾರಪೇಟೆ, ಪೊನ್ನಂಪೇಟೆ, ಕುಶಾಲನಗರ ಈ ಐದು ತಾಲ್ಲೂಕುಗಳಲ್ಲಿ ತಲಾ ಒಂದು ಸಹಕಾರ ಸಂಘದಲ್ಲಿ ಉತ್ತಮ ದರ್ಜೆಯ ಮಾಪಕವನ್ನು ಇಟ್ಟು, ಬಳಸಲು ತರಬೇತಿ ಪಡೆದ ಒಬ್ಬರೊಂದಿಗೆ ದಿನದ ಬಾಡಿಗೆಗೆ ಕಳುಹಿಸುವುದು ಸೂಕ್ತ. ಗುಂಡಿಗೆ ಇಳಿಯುವ ಕೆಲಸ ಯಾವ ತೋಟದಲ್ಲಿಯೂ ವರ್ಷವಿಡೀ ಇರುವುದಿಲ್ಲವಾದ್ದರಿಂದ ಹಂಚಿಕೊಂಡು ಬಳಸಲು ಅಡ್ಡಿಯಿಲ್ಲ. ಬಳಕೆಗೆ ಮುನ್ನ ಪ್ರತಿ ದಿನವೂ, ಗೊತ್ತಿರುವ ಪ್ರಮಾಣದ ಅನಿಲ ತುಂಬಿದ ಸಣ್ಣ ಸಿಲಿಂಡರ್‌ನಿಂದ ಕೊಂಚ ಅನಿಲ ಹಾಯಿಸಿ ಮಾಪಕ ಸ್ಪಂದಿಸುತ್ತದೆಯೇ ಎಂದು ನೋಡಿ, ದಿನಾಂಕ ಸಹಿತ ಪುಸ್ತಕದಲ್ಲಿ ಬರೆದಿಡಬೇಕು. ಈ ಸಿಲಿಂಡರ್‌ಗಳಿಗೆ ಅವಧಿ ಇರುತ್ತದೆ, ಮತ್ತು ಅದರ ಪ್ರಮಾಣಪತ್ರ ರಾಷ್ಟ್ರೀಯ ಭೌತ ಪ್ರಯೋಗಾಲಯದ ಮಾನಕಗಳವರೆಗೆ ಜಾಡು ಹಿಡಿದು ಹೋಗುವಂತಿರಬೇಕು. ವರ್ಷಕ್ಕೊಮ್ಮೆಯ ಪೂರ್ಣ ಕ್ಯಾಲಿಬ್ರೇಷನ್ ಪ್ರಯೋಗಾಲಯಗಳಿಗೆ ಮಾನ್ಯತೆ ನೀಡುವ ರಾಷ್ಟ್ರೀಯ ಮಂಡಳಿಯಾದ ಎನ್‌ಎಬಿಎಲ್‌ನಿಂದ ಮಾನ್ಯತೆ ಪಡೆದ ಪ್ರಯೋಗಾಲಯದಲ್ಲಿ ಆಗಲಿ, ಆದರೆ ಮರಳಿ ಬಂದ ಮಾಪಕವನ್ನು ಕೊಡಗಿನ ಎತ್ತರದಲ್ಲಿ ಮತ್ತೊಮ್ಮೆ ತಾಳೆ ನೋಡುವ ಕೆಲಸವನ್ನು ಇಲ್ಲಿನ ಸಂಸ್ಥೆಯೊಂದು ವಹಿಸಿಕೊಳ್ಳಬೇಕು. ಪೊನ್ನಂಪೇಟೆಯ ಅರಣ್ಯ ಮಹಾವಿದ್ಯಾಲಯ, ಕುಶಾಲನಗರದ ಸರ್ಕಾರಿ ಎಂಜಿನಿಯರಿಂಗ್ ಕಾಲೇಜು, ಗೋಣಿಕೊಪ್ಪಲಿನ ಕೃಷಿ ವಿಜ್ಞಾನ ಕೇಂದ್ರ ಇವುಗಳಲ್ಲಿ ಯಾವುದಾದರೊಂದು ಮುಂದೆ ಬಂದರೆ ವಿದ್ಯಾರ್ಥಿಗಳಿಗೂ ಅದು ಒಳ್ಳೆಯ ಅಭ್ಯಾಸವಾದೀತು.

ಖರ್ಚಿನ ಪ್ರಶ್ನೆ ಬಂದೇ ಬರುತ್ತದೆ. ಸಣ್ಣ ಬೆಳೆಗಾರರಿಗೆ ಇದು ಭಾರ ಎಂಬುದನ್ನು ನಾನು ಬಲ್ಲೆ, ಹಂಚಿಕೆಯ ವ್ಯವಸ್ಥೆ ಹೇಳಿದ್ದೂ ಅದಕ್ಕಾಗಿಯೇ. ಕಾಫಿ ಮಂಡಳಿ ಪಲ್ಪಿಂಗ್ ಘಟಕ ಮತ್ತು ತ್ಯಾಜ್ಯ ನೀರಿನ ಸಂಸ್ಕರಣೆಯ ಕಡೆಗೆ ಈಗಾಗಲೇ ಗಮನ ಕೊಡುತ್ತಿರುವುದರಿಂದ, ಆ ನೆರವಿನ ಪಟ್ಟಿಗೆ ಅನಿಲ ಮಾಪಕ, ಗಾಳಿ ಊದುವ ಬ್ಲೋವರ್ ಮತ್ತು ಮೂರು ಕಾಲಿನ ಎತ್ತುಗೋಲು ಹಾಗೂ ಸೊಂಟಪಟ್ಟಿಯನ್ನು ಸೇರಿಸುವಂತೆ ಬೆಳೆಗಾರರ ಸಂಘಟನೆಗಳು ಒತ್ತಾಯಿಸಬೇಕು. ಮಾಪಕ ಅಪಾಯವಿದೆ ಎಂದು ಹೇಳಿದ ಮೇಲೆ ಗಾಳಿ ಊದಲು ಬ್ಲೋವರ್ ಇಲ್ಲದಿದ್ದರೆ, ಕೂಲಿ ದಿನ ಹಾಳಾಗುತ್ತದೆಂದು ಯಾರೋ ಒಬ್ಬರು ಇಳಿದೇ ಇಳಿಯುತ್ತಾರೆ.

ಅರೇಬಿಕಾ ಪಲ್ಪಿಂಗ್ ನವೆಂಬರ್‌ನಲ್ಲಿ ಶುರುವಾಗುತ್ತದೆ, ಗುಂಡಿಗಳನ್ನು ಶುಚಿ ಮಾಡುವ ಕೆಲಸ ಅದಕ್ಕೂ ಮೊದಲು. ತಾಲ್ಲೂಕುಗಳ ಸಹಕಾರ ಸಂಘಗಳು ತಮ್ಮ ಮುಂದಿನ ಆಡಳಿತ ಮಂಡಳಿ ಸಭೆಯಲ್ಲಿಯೇ ಈ ವಿಷಯವನ್ನು ತೆಗೆದುಕೊಂಡು, ಟೆಂಡರ್ ಷರತ್ತುಗಳಲ್ಲಿ ಇಂಗಾಲದ ಡೈಆಕ್ಸೈಡ್‌ಗೆ ಇನ್‌ಫ್ರಾರೆಡ್ ಸೆನ್ಸರ್, ಒಳಗಿನ ಒತ್ತಡ ತಿದ್ದುಪಡಿ, ಪಂಪು ಮತ್ತು ಕೊಳವೆ, ತಾಳೆ ನೋಡುವ ಸಿಲಿಂಡರ್ ಇವಿಷ್ಟನ್ನು ಸ್ಪಷ್ಟವಾಗಿ ಬರೆಯಬೇಕೆಂದು ತಮ್ಮ ಪತ್ರಿಕೆಯ ಮೂಲಕ ವಿನಂತಿಸುತ್ತೇನೆ. ಮಾಪಕಗಳು ಬರುವವರೆಗೆ ಈ ವರ್ಷ ಯಾವ ತೋಟದಲ್ಲಿಯೂ ಗುಂಡಿಗೆ ಜನರನ್ನು ಇಳಿಸದೆ, ಕೆಸರನ್ನು ಪಂಪಿನಿಂದಲೇ ಎತ್ತುವಂತೆ ಮಾಲೀಕರಲ್ಲಿಯೂ ರೈಟರುಗಳಲ್ಲಿಯೂ ನನ್ನ ಕೋರಿಕೆ.

ಇತಿ ತಮ್ಮ ವಿಶ್ವಾಸಿ,
ಒಬ್ಬ ಕಾಫಿ ಬೆಳೆಗಾರ
ಸುಂಟಿಕೊಪ್ಪ, ಕೊಡಗು